ತಲೆ ಲೆಕ್ಕದ ಜಗಳ

2024ರ ಅಕ್ಟೋಬರಿನಲ್ಲಿ ದಕ್ಷಿಣದ ಇಬ್ಬರು ಮುಖ್ಯಮಂತ್ರಿಗಳು ಜನರಿಗೆ ಹೆಚ್ಚು ಮಕ್ಕಳನ್ನು ಹೆರುವ ಉಪದೇಶ ಮಾಡಿದರು. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗಷ್ಟೇ ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲುವ ಅವಕಾಶ ಕೊಡುವ ಕಾನೂನಿನ ಯೋಚನೆಯಿದೆ ಎಂದರು ಆಂಧ್ರದ ಚಂದ್ರಬಾಬು ನಾಯ್ಡು. ಅದರ ಬೆನ್ನಿಗೇ ತಮಿಳುನಾಡಿನ ಎಂ.ಕೆ. ಸ್ಟಾಲಿನ್ ಸಾಮೂಹಿಕ ವಿವಾಹವೊಂದರಲ್ಲಿ, ಹದಿನಾರು ಮಕ್ಕಳು ಯಾಕಾಗಬಾರದು ಎಂದು ಅರ್ಧ ತಮಾಷೆಯಾಗಿ ಕೇಳಿದರು. ನಾಯ್ಡು ಬಿಜೆಪಿಯ ಮಿತ್ರ, ಸ್ಟಾಲಿನ್ ಅದರ ಕಡು ವಿರೋಧಿ. ಇಬ್ಬರಿಗೂ ತಲೆಬಿಸಿ ಒಂದೇ: ದೇಶದ ತಲೆಗಳಲ್ಲಿ ತಮ್ಮ ರಾಜ್ಯಗಳ ಪಾಲು ಕಡಿಮೆಯಾಗುತ್ತಿದೆ, ದೆಹಲಿಯಲ್ಲಿ ತಲೆ ಎಣಿಸಿಯೇ ಸೀಟು ಮತ್ತು ದುಡ್ಡು ಹಂಚುತ್ತಾರೆ.

ಇದೇ ಆಂಧ್ರದಲ್ಲಿ ಮೂರನೇ ಮಗು ಹುಟ್ಟಿದರೆ ಪಂಚಾಯಿತಿ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾನೂನು ಮೂರು ದಶಕ ಜಾರಿಯಲ್ಲಿತ್ತು. ನಾಯ್ಡು ಅವರೇ 1990ರ ದಶಕದಲ್ಲಿ ಕುಟುಂಬ ಯೋಜನೆಯ ದೊಡ್ಡ ಪ್ರಚಾರಕರಾಗಿದ್ದರು. 2024ರ ನವೆಂಬರಿನಲ್ಲಿ ಆಂಧ್ರ ವಿಧಾನಸಭೆ ಆ ನಿರ್ಬಂಧವನ್ನು ಕಿತ್ತುಹಾಕಿತು. ಅತ್ತ ಉತ್ತರ ಪ್ರದೇಶ 2021ರಲ್ಲಿ, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ಸರ್ಕಾರಿ ನೌಕರಿ, ಸವಲತ್ತು ನಿರಾಕರಿಸುವ ಕರಡು ಮಸೂದೆ ಪ್ರಕಟಿಸಿತ್ತು. ಒಂದೇ ದೇಶದಲ್ಲಿ ಒಂದು ಸರ್ಕಾರ ಹೆರಬೇಡಿ ಎನ್ನುತ್ತದೆ, ಇನ್ನೊಂದು ಹೆರಿ ಎನ್ನುತ್ತದೆ. ಹೆರುವವರನ್ನು ಯಾರೂ ಕೇಳಿದಂತಿಲ್ಲ.

ಈ ಜಗಳದ ಬೇರು 1976ರಲ್ಲಿದೆ. ಅಲ್ಲಿಯವರೆಗೆ ಪ್ರತಿ ಜನಗಣತಿಯ ನಂತರ ರಾಜ್ಯಗಳ ಲೋಕಸಭಾ ಸ್ಥಾನಗಳನ್ನು ಜನಸಂಖ್ಯೆಗೆ ತಕ್ಕಂತೆ ಮರುಹಂಚಬೇಕಿತ್ತು. ತುರ್ತು ಪರಿಸ್ಥಿತಿಯ ನಡುವೆ ಇಂದಿರಾ ಗಾಂಧಿ ಸರ್ಕಾರ ರಾಷ್ಟ್ರೀಯ ಜನಸಂಖ್ಯಾ ನೀತಿಯನ್ನು ಪ್ರಕಟಿಸಿತು. 42ನೇ ತಿದ್ದುಪಡಿಯ ಮೂಲಕ 1971ರ ಗಣತಿಯ ಆಧಾರದಲ್ಲಿ ಹಂಚಿದ್ದ ಸ್ಥಾನಗಳನ್ನು 2001ರವರೆಗೆ ಹಾಗೇ ಕಟ್ಟಿಹಾಕಿತು. ಜನಸಂಖ್ಯೆ ತಗ್ಗಿಸಿದ ರಾಜ್ಯ ಆ ಕಾರಣಕ್ಕೆ ಸೀಟು ಕಳೆದುಕೊಳ್ಳಬಾರದು ಎಂಬುದು ಉದ್ದೇಶ. 2001 ಹತ್ತಿರವಾದಾಗ ದೆಹಲಿಯಲ್ಲಿ ವಾಜಪೇಯಿ ಸರ್ಕಾರವಿತ್ತು. ಅದು 84ನೇ ತಿದ್ದುಪಡಿ ತಂದು, 2026ರ ನಂತರದ ಮೊದಲ ಗಣತಿಯವರೆಗೆ ಗಡುವು ಮುಂದೂಡಿತು. ಇಂದು ಬೀದಿಯಲ್ಲಿ ಕಚ್ಚಾಡುವ ಎರಡೂ ಪಕ್ಷಗಳು, ಅಧಿಕಾರದಲ್ಲಿದ್ದಾಗ ಈ ಕೆಂಡವನ್ನು ಮುಟ್ಟದೆ ಮುಂದಿನವರ ಅಂಗಳಕ್ಕೆ ತಳ್ಳಿದವೇ.

1976ರ ನೀತಿಯ ಇನ್ನೊಂದು ಮುಖ ಉತ್ತರ ಭಾರತ ಕಂಡದ್ದು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಬಹುಪಾಲು ಗಂಡಸರಿಗೆ, ಎಷ್ಟೋ ಕಡೆ ಪೊಲೀಸರ ಬಲದಿಂದ. 1977ರ ಚುನಾವಣೆಯಲ್ಲಿ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದೇ ಒಂದು ಲೋಕಸಭಾ ಸ್ಥಾನ ದಕ್ಕಲಿಲ್ಲ. ಅದೇ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ ಪಾಲಾದವು. ಆ ಪೆಟ್ಟಿನ ನಂತರ ಉತ್ತರದ ರಾಜಕಾರಣಿಗಳು ಕುಟುಂಬ ಯೋಜನೆಯ ಹೆಸರು ಗಟ್ಟಿಯಾಗಿ ಎತ್ತಲು ವರ್ಷಗಟ್ಟಲೆ ಹಿಂಜರಿದರು. ಇಲಾಖೆಯ ಹೆಸರೇ ‘ಕುಟುಂಬ ಕಲ್ಯಾಣ’ವಾಯಿತು. ದಕ್ಷಿಣದವರು ಬುದ್ಧಿವಂತರು, ಉತ್ತರದವರು ಹೊಣೆಗೇಡಿಗಳು ಎಂದು ಸಲೀಸಾಗಿ ಹೇಳುವವರು ಈ ಚರಿತ್ರೆಯನ್ನು ಬಿಟ್ಟು ಮಾತಾಡುತ್ತಾರೆ.

ಮೈಸೂರಿನ ಕಥೆ ಇನ್ನೂ ಹಿಂದಿನದು. ದೇಶದಲ್ಲಿ ಕುಟುಂಬ ಯೋಜನೆ ಎಂಬ ಸರ್ಕಾರಿ ಕಾರ್ಯಕ್ರಮ ಹುಟ್ಟುವುದಕ್ಕೆ ಎರಡು ದಶಕ ಮೊದಲೇ, 1930ರಲ್ಲಿ, ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿತ್ತು. ಮುಂದೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಕೆಂಪು ತ್ರಿಕೋನ ಬಂತು, ‘ನಾವಿಬ್ಬರು ನಮಗಿಬ್ಬರು’ ಬಂತು. ಗೋಡೆಬರಹಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹೆಣ್ಣುಮಕ್ಕಳ ಶಾಲೆ, ತಡವಾದ ಮದುವೆ, ಶಿಶುಮರಣದ ಇಳಿಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ತಮಿಳುನಾಡು ಮತ್ತು ಕೇರಳದಲ್ಲಿ 1.8, ಉತ್ತರ ಪ್ರದೇಶದಲ್ಲಿ 2.4, ಬಿಹಾರದಲ್ಲಿ 3. ದೇಶದ ಸರಾಸರಿ 2. ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಬೇಕಾದ 2.1ರ ಮಟ್ಟಕ್ಕಿಂತ ಇಡೀ ದೇಶವೇ ಕೆಳಗಿಳಿದಿದೆ. ಉತ್ತರ ಪ್ರದೇಶವೂ ಅತ್ತಲೇ ಇಳಿಯುತ್ತಿದೆ, ತಡವಾಗಿ.

ಇನ್ನು ಸೀಟಿನ ಗಣಿತ. ಇಲ್ಲಿ ಕನ್ನಡಿಗರು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ವೇದಿಕೆಯ ಮೇಲಿನ ಭಾಷಣಕ್ಕೂ ಕಾಗದದ ಮೇಲಿನ ಅಂಕಿಗೂ ಹೊಂದಾಣಿಕೆಯಿಲ್ಲ. ಲೋಕಸಭೆಯ 543ರಲ್ಲಿ ಕರ್ನಾಟಕಕ್ಕೆ 28, ಅಂದರೆ ಶೇ 5.16. 2011ರ ಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ, ದೇಶದ 121 ಕೋಟಿಯಲ್ಲಿ ಇದು ಸುಮಾರು ಶೇ 5.05. ಎರಡರ ನಡುವೆ ಕೂದಲೆಳೆಯ ಅಂತರ. ಕೇರಳದ ಸ್ಥಿತಿ ಬೇರೆ: ಜನಸಂಖ್ಯೆಯಲ್ಲಿ ಶೇ 2.76, ಸೀಟಿನಲ್ಲಿ ಶೇ 3.68. ರಾಜಕೀಯ ವಿಜ್ಞಾನಿಗಳಾದ ಮಿಲನ್ ವೈಷ್ಣವ್ ಮತ್ತು ಜೇಮಿ ಹಿಂಟ್ಸನ್ 2019ರಲ್ಲಿ, 2026ರ ಅಂದಾಜು ಜನಸಂಖ್ಯೆ ಹಿಡಿದು ಒಂದು ಲೆಕ್ಕ ಹಾಕಿದ್ದರು. ಸದನದ ಗಾತ್ರ 543 ಆಗಿಯೇ ಉಳಿದರೆ ಕೇರಳ 20ರಿಂದ 12ಕ್ಕೆ, ತಮಿಳುನಾಡು 39ರಿಂದ 31ಕ್ಕೆ ಇಳಿಯುತ್ತದೆ. ಕರ್ನಾಟಕ 28ರಿಂದ 26ಕ್ಕೆ. ಉತ್ತರ ಪ್ರದೇಶ 80ರಿಂದ 91ಕ್ಕೆ ಏರುತ್ತದೆ. ಯಾರೂ ಸೀಟು ಕಳೆದುಕೊಳ್ಳಬಾರದೆಂದರೆ ಸದನವನ್ನು 848ಕ್ಕೆ ಹಿಗ್ಗಿಸಬೇಕು. ಆಗ ಕರ್ನಾಟಕಕ್ಕೆ 41, ಉತ್ತರ ಪ್ರದೇಶಕ್ಕೆ 143, ಕೇರಳಕ್ಕೆ ಅದೇ 20.

ಅಂದರೆ ಸೀಟಿನ ವಿಷಯದಲ್ಲಿ ಕೇರಳ, ತಮಿಳುನಾಡುಗಳ ಸಂಕಟ ಕರ್ನಾಟಕದ್ದಲ್ಲ. ಬೆಂಗಳೂರಿಗೆ ಹರಿದುಬಂದ ವಲಸೆ ಅದನ್ನು ಕಾಪಾಡಿದೆ. ಬಿಹಾರ, ಒಡಿಶಾಗಳಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ಗಾರೆ ಕಲಸುವವನು, ಕೊಡಗಿನ ಕಾಫಿ ತೋಟದಲ್ಲಿ ದುಡಿಯುವ ಅಸ್ಸಾಮಿನವನು ಇಲ್ಲೇ ನೆಲೆಸಿದ್ದರೆ ಗಣತಿಯಲ್ಲಿ ಕರ್ನಾಟಕದ ತಲೆ. ಅವರಲ್ಲಿ ಎಷ್ಟೋ ಮಂದಿಯ ಮತ ಮಾತ್ರ ಊರಿನಲ್ಲೇ ಉಳಿದಿರುತ್ತದೆ. ಹೊರಗಿನಿಂದ ಬಂದವರು ಎಂದು ಅವರ ಮೇಲೆ ಮುನಿಸಿಕೊಳ್ಳುವ ರಾಜ್ಯ, ಅವರ ಎಣಿಕೆಯಿಂದಲೇ ತನ್ನ ಸಂಸದರ ಸಂಖ್ಯೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳಲಿದೆ!

ಆದರೂ 2024ರ ಜುಲೈನಲ್ಲಿ ಕರ್ನಾಟಕ ವಿಧಾನಸಭೆ, ಕ್ಷೇತ್ರ ಮರುವಿಂಗಡಣೆ 1971ರ ಗಣತಿಯ ಮೇಲೆಯೇ ನಡೆಯಲಿ ಎಂದು ನಿರ್ಣಯ ಮಾಡಿತು. 2025ರ ಮಾರ್ಚ್ 22ರಂದು ಸ್ಟಾಲಿನ್ ಚೆನ್ನೈನಲ್ಲಿ ಕರೆದ ಸಭೆಗೆ ಕೇರಳದ ಪಿಣರಾಯಿ ವಿಜಯನ್, ತೆಲಂಗಾಣದ ರೇವಂತ ರೆಡ್ಡಿ, ಪಂಜಾಬಿನ ಭಗವಂತ್ ಮಾನ್ ಬಂದರು, ಕರ್ನಾಟಕದಿಂದ ಡಿ.ಕೆ. ಶಿವಕುಮಾರ್ ಹೋದರು. ಇನ್ನೂ 25 ವರ್ಷ ಯಥಾಸ್ಥಿತಿ ಬೇಕೆಂಬ ಬೇಡಿಕೆ ಹೊರಟಿತು. ಇದಕ್ಕೆ ಮೊದಲೇ ಫೆಬ್ರುವರಿಯಲ್ಲಿ ಅಮಿತ್ ಶಾ ಕೊಯಮತ್ತೂರಿನಲ್ಲಿ, ಅನುಪಾತದ ಲೆಕ್ಕದಲ್ಲಿ ದಕ್ಷಿಣದ ಒಂದು ಸೀಟೂ ಕಡಿಮೆಯಾಗದು ಎಂದಿದ್ದರು. ಯಾವುದರ ಅನುಪಾತ? ಈಗಿರುವ ಸೀಟುಗಳದೋ, ಜನಸಂಖ್ಯೆಯದೋ? ಹಾವೂ ಸಾಯದ ಕೋಲೂ ಮುರಿಯದ ಆ ಮಾತಿನಿಂದ ಅನುಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕರ್ನಾಟಕದ ನಿಜವಾದ ನೋವು ದುಡ್ಡಿನದು. ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ರಾಜ್ಯಗಳ ಪಾಲೆಷ್ಟು, ಅದು ಯಾರ್‍ಯಾರಿಗೆ ಎಷ್ಟು ಎಂದು ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಹೇಳುತ್ತದೆ. ವೈ.ವಿ. ರೆಡ್ಡಿ ಅಧ್ಯಕ್ಷರಾಗಿದ್ದ 14ನೇ ಆಯೋಗ ಕರ್ನಾಟಕಕ್ಕೆ ಶೇ 4.713 ಕೊಟ್ಟಿತ್ತು. ಎನ್.ಕೆ. ಸಿಂಗ್ ಅವರ 15ನೇ ಆಯೋಗದಲ್ಲಿ ಅದು ಶೇ 3.647ಕ್ಕೆ ಕುಸಿಯಿತು. ಉತ್ತರ ಪ್ರದೇಶದ ಪಾಲು ಸುಮಾರು ಶೇ 18, ಬಿಹಾರದ್ದು ಶೇ 10. ತೆರಿಗೆ ಸಂಗ್ರಹದಲ್ಲಿ ಮಹಾರಾಷ್ಟ್ರ ಬಿಟ್ಟರೆ ತಾನೇ ಮುಂದು, ನೂರು ರೂಪಾಯಿ ಕೊಟ್ಟರೆ ಹನ್ನೆರಡು ಹದಿಮೂರು ರೂಪಾಯಿ ಮರಳುತ್ತದೆ ಎಂಬುದು ರಾಜ್ಯ ಸರ್ಕಾರದ ದೂರು. ‘ನನ್ನ ತೆರಿಗೆ ನನ್ನ ಹಕ್ಕು’ ಎಂದು 2024ರ ಫೆಬ್ರುವರಿ 7ರಂದು ಸಿದ್ದರಾಮಯ್ಯ ತಮ್ಮ ಸಂಪುಟ ಸಮೇತ ಜಂತರ್ ಮಂತರ್‌ನಲ್ಲಿ ಕುಳಿತರು. ಆಯೋಗ ಹೇಳಿದಷ್ಟು ಕೊಡುವುದಷ್ಟೇ ನನ್ನ ಕೆಲಸ, ಅದನ್ನು ಬದಲಿಸುವ ಅಧಿಕಾರ ನನಗಿಲ್ಲ ಎಂದು ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಉತ್ತರಿಸಿದರು. ಯುಪಿಎ ಕಾಲಕ್ಕಿಂತ ಹಲವು ಪಟ್ಟು ಹೆಚ್ಚು ಹಣ ಬಂದಿದೆ ಎಂದು ಬಿಜೆಪಿ ಹೇಳಿತು. ಅದೂ ಸುಳ್ಳಲ್ಲ. ಒಬ್ಬರು ಶೇಕಡಾವಾರು ಹೇಳುತ್ತಿದ್ದರು, ಇನ್ನೊಬ್ಬರು ಕೋಟಿ ಎಣಿಸುತ್ತಿದ್ದರು. ಇಂಥ ಚರ್ಚೆ ಎಷ್ಟು ದಿನ ನಡೆದರೂ ಯಾರೂ ಸೋಲುವುದಿಲ್ಲ.

ಪಾಲು ಕುಸಿದದ್ದು ಯಾಕೆ? ‘ಜನಸಂಖ್ಯೆ ನಿಯಂತ್ರಿಸಿದ್ದಕ್ಕೆ ಶಿಕ್ಷೆ’ ಎಂಬುದು ವೇದಿಕೆಯ ಉತ್ತರ. ಅರ್ಧ ಮಾತ್ರ ನಿಜ. 15ನೇ ಆಯೋಗಕ್ಕೆ 1971ರ ಗಣತಿ ಬಿಟ್ಟು 2011ರದ್ದನ್ನು ಹಿಡಿಯಲು ಸೂಚಿಸಿದ್ದು ಹೌದು. ಇದನ್ನು ವಿರೋಧಿಸಿ 2018ರ ಏಪ್ರಿಲ್‌ನಲ್ಲಿ ತಿರುವನಂತಪುರದಲ್ಲಿ ಸಭೆಯೂ ನಡೆದಿತ್ತು. ಆದರೆ ಆಯೋಗ ಜನಸಂಖ್ಯೆಗೆ ಶೇ 15 ತೂಕ ಕೊಟ್ಟು, ಜನಸಂಖ್ಯೆ ತಗ್ಗಿಸಿದ ಸಾಧನೆಗೆಂದೇ ಪ್ರತ್ಯೇಕ ಶೇ 12.5 ಇಟ್ಟಿತು. ಹೆಚ್ಚು ತೂಕ, ಶೇ 45, ಹೋದದ್ದು ಆದಾಯದ ಅಂತರಕ್ಕೆ: ರಾಜ್ಯ ಎಷ್ಟು ಬಡವೋ ಅಷ್ಟು ಹೆಚ್ಚು ಪಾಲು. ಬೆಂಗಳೂರಿನ ಸಾಫ್ಟ್‌ವೇರ್ ಕರ್ನಾಟಕದ ತಲಾದಾಯವನ್ನು ಏರಿಸಿತು, ಅದೇ ಏರಿಕೆ ಪಾಲನ್ನು ಇಳಿಸಿತು. ತಮಿಳುನಾಡು ಕೂಡ ಜನಸಂಖ್ಯೆಯನ್ನು ಅಷ್ಟೇ ಗಟ್ಟಿಯಾಗಿ ತಡೆದ ರಾಜ್ಯ. ಅದರ ಪಾಲು ಅದೇ ಆಯೋಗದಲ್ಲಿ 4.023ರಿಂದ 4.079ಕ್ಕೆ ಚೂರು ಏರಿದೆ ಎಂಬುದನ್ನು ಇಲ್ಲಿನ ಭಾಷಣಕಾರರು ಹೇಳುವುದಿಲ್ಲ.

ಇದಕ್ಕಿಂತ ಕಹಿಯಾದ ಅಧ್ಯಾಯ 2020ರದು. ಪಾಲು ಕುಸಿದ ಹೊಡೆತ ತಡೆಯಲು ಆಯೋಗ ತನ್ನ ಮೊದಲ ವರದಿಯಲ್ಲಿ ಕರ್ನಾಟಕಕ್ಕೆ 5,495 ಕೋಟಿ ರೂಪಾಯಿ ವಿಶೇಷ ಅನುದಾನ ಸೂಚಿಸಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. ಆಗ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಬಿಜೆಪಿ ಸರ್ಕಾರ, ಹಣಕಾಸು ಸಚಿವರು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು, ಲೋಕಸಭೆಯ 28ರಲ್ಲಿ 25 ಸಂಸದರು ಬಿಜೆಪಿಯವರು. ಡಬಲ್ ಎಂಜಿನ್ ಎಂದು ಹೇಳಿಕೊಂಡ ಆ ದಿನಗಳಲ್ಲಿ ರಾಜ್ಯದ ಪರವಾಗಿ ಒಂದು ಗಟ್ಟಿ ದನಿ ಏಳಲಿಲ್ಲ. ಈ ಮೌನಕ್ಕೆ ರಾಜ್ಯ ಬಿಜೆಪಿ ಇಂದಿಗೂ ಒಪ್ಪುವಂಥ ಉತ್ತರ ಕೊಟ್ಟಿಲ್ಲ. ಕಾಂಗ್ರೆಸ್ಸೂ ಒಂದನ್ನು ಜಾರಿಸುತ್ತದೆ: ಗುಜರಾತಿನ ಮುಖ್ಯಮಂತ್ರಿಯಾಗಿದ್ದಾಗ ನರೇಂದ್ರ ಮೋದಿ, ತಮ್ಮ ರಾಜ್ಯ ಕೇಂದ್ರಕ್ಕೆ ಕೊಡುವುದೆಷ್ಟು, ಪಡೆಯುವುದೆಷ್ಟು ಎಂದು ಸಭೆಗಳಲ್ಲಿ ಕೇಳುತ್ತಿದ್ದರು; ಆಗ ಕೇಂದ್ರದಲ್ಲಿದ್ದ ಕಾಂಗ್ರೆಸ್ಸಿಗೆ ಅದು ಸಂಕುಚಿತ ಪ್ರಾಂತೀಯತೆಯಾಗಿ ಕಂಡಿತ್ತು.

ಅರವಿಂದ ಪನಗಾರಿಯಾ ಅವರ 16ನೇ ಆಯೋಗದ ವರದಿ 2026ರ ಫೆಬ್ರುವರಿ 1ರಂದು ಸಂಸತ್ತಿಗೆ ಬಂತು. ರಾಜ್ಯಗಳ ಒಟ್ಟು ಪಾಲು ಶೇ 41ರಲ್ಲೇ ನಿಂತಿತು. ಆದರೆ ದೇಶದ ಜಿಡಿಪಿಗೆ ರಾಜ್ಯ ಕೊಡುವ ಕೊಡುಗೆಗೆ ಮೊದಲ ಬಾರಿಗೆ ಶೇ 10 ತೂಕ ಸಿಕ್ಕಿತು. ಕರ್ನಾಟಕದ ಪಾಲು ಶೇ 4.131ಕ್ಕೆ ಏರಿತು. 4.713 ಮರಳಲಿಲ್ಲ, ಆದರೂ ಏರಿಕೆ ಸಣ್ಣದಲ್ಲ. ಜಂತರ್ ಮಂತರ್ ಧರಣಿಯನ್ನು ನಾಟಕ ಎಂದವರು ಇದನ್ನೂ ನೋಡಬೇಕು. ಇನ್ನೂ ಬಗೆಹರಿಯದೆ ಉಳಿದಿರುವುದು ಸೆಸ್ ಮತ್ತು ಸರ್‌ಚಾರ್ಜ್. ಇವನ್ನು ಕೇಂದ್ರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ. 2020–21ರಲ್ಲಿ ಕೇಂದ್ರದ ಒಟ್ಟು ತೆರಿಗೆಯಲ್ಲಿ ಇವುಗಳ ಪಾಲು ಐದನೇ ಒಂದರಷ್ಟಾಗಿತ್ತು. ಹಂಚುವ ಮೊದಲೇ ಅಷ್ಟನ್ನು ಬದಿಗೆ ತೆಗೆದಿಟ್ಟ ಮೇಲೆ ಶೇ 41 ಎಂಬುದು ಹೇಳಿದಷ್ಟು ದೊಡ್ಡದಲ್ಲ.

ಈಗ ಖರ್ಚಿನ ಕಡೆ. ಕೇಂದ್ರ ಕೊಡುತ್ತಿಲ್ಲ ಎಂದು ರಾಜ್ಯ ದೂರಿದ ಕೂಡಲೇ ಬರುವ ಮರುಪ್ರಶ್ನೆ: ಗ್ಯಾರಂಟಿಗಳಿಗೆ ದುಡ್ಡು ಎಲ್ಲಿಂದ ಬಂತು? 2023ರ ಮೇ ಚುನಾವಣೆಯಲ್ಲಿ ಐದು ಗ್ಯಾರಂಟಿಗಳ ಮೇಲೆ ಕಾಂಗ್ರೆಸ್ 224ರಲ್ಲಿ 135 ಗೆದ್ದಿತು. ಶಕ್ತಿ, ಗೃಹಜ್ಯೋತಿ, ಗೃಹಲಕ್ಷ್ಮಿ, ಅನ್ನಭಾಗ್ಯ, ಯುವನಿಧಿ. 2025–26ರ 4.09 ಲಕ್ಷ ಕೋಟಿಯ ಬಜೆಟ್ಟಿನಲ್ಲಿ ಇವುಗಳಿಗೆ 51,034 ಕೋಟಿ. ಎಂಟು ರೂಪಾಯಿಗೆ ಒಂದು. ರಾಜಸ್ವ ಕೊರತೆ 19,262 ಕೋಟಿ. ಒಟ್ಟು ಸಾಲ ರಾಜ್ಯದ ಉತ್ಪನ್ನದ ಶೇ 24.91, ಕಾನೂನು ಹಾಕಿದ ಶೇ 25ರ ಗೆರೆಯ ಮೇಲೆ ಹೆಬ್ಬೆರಳಿಟ್ಟು ನಿಂತಂತೆ. 2002ರಲ್ಲಿ ದೇಶದಲ್ಲೇ ಮೊದಲಾಗಿ ವಿತ್ತೀಯ ಹೊಣೆಗಾರಿಕೆ ಕಾನೂನು ಮಾಡಿದ ರಾಜ್ಯ ಇದು.

ಬಿಟ್ಟಿ ಭಾಗ್ಯ ಎಂದು ಹಂಗಿಸುವವರ ಕೈಯೂ ಚೊಕ್ಕಟವಲ್ಲ. 2022ರ ಜುಲೈನಲ್ಲಿ ಬುಂದೇಲಖಂಡದ ಹೆದ್ದಾರಿ ಉದ್ಘಾಟನೆಯಲ್ಲಿ ಪ್ರಧಾನಿ ‘ರೇವಡಿ’ ಸಂಸ್ಕೃತಿ ದೇಶಕ್ಕೆ ಅಪಾಯ ಎಂದರು. ಮರುವರ್ಷ ಕರ್ನಾಟಕದಲ್ಲಿ ಅವರ ಪಕ್ಷದ ಪ್ರಣಾಳಿಕೆ ಬಡವರಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಉಚಿತ ಸಿಲಿಂಡರ್ ಘೋಷಿಸಿತು. ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ, ಮಹಾರಾಷ್ಟ್ರದಲ್ಲಿ ಲಾಡ್ಕಿ ಬಹೀಣ್ ಬಂದವು. ಬಿಹಾರದಲ್ಲಿ 2025ರ ಸೆಪ್ಟೆಂಬರ್ 26ರಂದು ಪ್ರಧಾನಿಯೇ 75 ಲಕ್ಷ ಮಹಿಳೆಯರ ಖಾತೆಗೆ ತಲಾ 10,000 ರೂಪಾಯಿ ಹಾಕಿದರು. ಹತ್ತು ದಿನದಲ್ಲಿ ಚುನಾವಣೆ ಘೋಷಣೆ, ನವೆಂಬರಿನಲ್ಲಿ ಅವರ ಕೂಟಕ್ಕೆ 243ಕ್ಕೆ 202 ಸ್ಥಾನ. ಸುಪ್ರೀಂ ಕೋರ್ಟ್ 2013ರಲ್ಲೇ, ಪ್ರಣಾಳಿಕೆಯ ಇಂಥ ಭರವಸೆಗಳು ಚುನಾವಣಾ ಭ್ರಷ್ಟಾಚಾರವಾಗುವುದಿಲ್ಲ ಎಂದು ಹೇಳಿ, ಮಾರ್ಗಸೂಚಿ ಮಾಡಲು ಚುನಾವಣಾ ಆಯೋಗಕ್ಕೆ ಬಿಟ್ಟಿತ್ತು. ಆ ತೀರ್ಪಿನ ಮೂಲ ತಮಿಳುನಾಡಿನ ಬಣ್ಣದ ಟಿವಿ. ಅದಕ್ಕೂ ಮೊದಲು, 1983ರಲ್ಲಿ, ಎನ್.ಟಿ. ರಾಮರಾವ್ ಅವರ ಎರಡು ರೂಪಾಯಿ ಅಕ್ಕಿ ಇತ್ತು.

ಅಕ್ಕಿಯ ವಿಷಯ ಬಂತಲ್ಲ, 2023ರ ಪ್ರಸಂಗ ನೆನೆಯಬೇಕು. ಅನ್ನಭಾಗ್ಯದ ಹತ್ತು ಕಿಲೋ ಮಾತು ಉಳಿಸಿಕೊಳ್ಳಲು ಕರ್ನಾಟಕ ಆಹಾರ ನಿಗಮದಿಂದ ಅಕ್ಕಿ ಖರೀದಿಗೆ ಹೊರಟಾಗ, ಕೇಂದ್ರ ಜೂನ್‌ನಲ್ಲಿ ರಾಜ್ಯಗಳಿಗೆ ಮುಕ್ತ ಮಾರುಕಟ್ಟೆ ಮಾರಾಟವನ್ನೇ ನಿಲ್ಲಿಸಿತು. ದುಡ್ಡು ಕೊಡುತ್ತೇವೆಂದರೂ ಅಕ್ಕಿಯಿಲ್ಲ. ರಾಜ್ಯ ಐದು ಕಿಲೋ ಬದಲಿಗೆ ತಲೆಗೆ 170 ರೂಪಾಯಿ ಹಾಕತೊಡಗಿತು. ಅಕ್ಕಿಗೆ ಮತ್ತೆ ಬಂದದ್ದು 2025ರಲ್ಲಿ. ಮಾರಾಟ ನಿಲ್ಲಿಸಿದ್ದಕ್ಕೆ ಬೆಲೆ ನಿಯಂತ್ರಣದ ಕಾರಣ ಹೇಳಲಾಯಿತು, ಸಮಯ ನೋಡಿದರೆ ರಾಜಕೀಯವೇ ಎದ್ದು ಕಾಣುತ್ತದೆ.

ಹಾಗಾದರೆ ಗ್ಯಾರಂಟಿಗಳು ಓಟು ತರುತ್ತವೆಯೇ? ವಿಧಾನಸಭೆಯಲ್ಲಿ ಗೆದ್ದ ಒಂದೇ ವರ್ಷಕ್ಕೆ, ಐದೂ ಯೋಜನೆ ಜಾರಿಯಲ್ಲಿದ್ದಾಗ, ಲೋಕಸಭೆಯ 28ರಲ್ಲಿ ಕಾಂಗ್ರೆಸ್ಸಿಗೆ ಬಂದದ್ದು 9. ಬಿಜೆಪಿ–ಜೆಡಿಎಸ್ ಕೂಟಕ್ಕೆ 19. ಕರ್ನಾಟಕದ ಮತದಾರ 1980ರ ದಶಕದಿಂದಲೂ ಬೆಂಗಳೂರಿಗೊಂದು, ದೆಹಲಿಗೊಂದು ಎಂದು ಬೇರೆ ಮಾಡಿ ಹಾಕುವವನು. 2024ರ ಅಕ್ಟೋಬರ್ ಕೊನೆಗೆ, ಕೆಲವು ಮಹಿಳೆಯರು ಟಿಕೆಟ್ ದುಡ್ಡು ಕೊಡಲು ಸಿದ್ಧರಿದ್ದಾರೆ, ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಮರುಪರಿಶೀಲಿಸಬಹುದು ಎಂದು ಶಿವಕುಮಾರ್ ಬಾಯಿಬಿಟ್ಟರು. ಮರುದಿನವೇ ಮಲ್ಲಿಕಾರ್ಜುನ ಖರ್ಗೆ ಪತ್ರಿಕಾಗೋಷ್ಠಿಯಲ್ಲಿ ಎಲ್ಲರೆದುರು ಅವರನ್ನು ಗದರಿ, ಬಜೆಟ್ ನೋಡಿಕೊಂಡು ಭರವಸೆ ಕೊಡಿ ಎಂದರು. ಪ್ರಧಾನಿ ಆ ಮಾತನ್ನೇ ಎತ್ತಿಕೊಂಡು ಕಾಂಗ್ರೆಸ್ಸನ್ನು ಚುಚ್ಚಿದರು. ಯೋಜನೆ ಮಾತ್ರ ನಿಲ್ಲಲಿಲ್ಲ. 2025ರ ಜುಲೈನಲ್ಲಿ ಐನೂರು ಕೋಟಿ ಉಚಿತ ಪ್ರಯಾಣ ಪೂರ್ಣವಾಯಿತು. ಅಷ್ಟು ಪ್ರಯಾಣದಲ್ಲಿ ಆಸ್ಪತ್ರೆ, ಕಾಲೇಜು, ಗಾರ್ಮೆಂಟ್ ಕಾರ್ಖಾನೆಗಳಿಗೆ ಹೋದದ್ದೆಷ್ಟು, ಧರ್ಮಸ್ಥಳಕ್ಕೆ ಹೋದದ್ದೆಷ್ಟು ಎಂದು ಲೇವಡಿ ಮಾಡುವವರು, ಗಂಡಸಿನ ಪೆಟ್ರೋಲಿನ ಲೆಕ್ಕವನ್ನು ಯಾರೂ ಕೇಳಿಲ್ಲ ಎಂಬುದನ್ನು ಗಮನಿಸಲಿ.

ಯಾವ ಪಕ್ಷವೂ ಮುಟ್ಟದ ಮಾತೊಂದಿದೆ. ದೆಹಲಿಯ ಎದುರು ಕರ್ನಾಟಕ ಇಡುವ ವಾದವನ್ನು ಬೆಂಗಳೂರು ಕರ್ನಾಟಕದ ಎದುರು ಇಟ್ಟರೆ? ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದು. ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ಅದು ಎದ್ದು ನಿಂತರೆ ಕಲಬುರಗಿ, ಯಾದಗಿರಿಗಳ ಗತಿಯೇನು? ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ತೋರಿಸಿತ್ತು. ಆ ವರದಿಯೂ, 371(ಜೆ) ವಿಧಿಯೂ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವೂ ನಿಂತಿರುವುದು ಇರುವವರಿಂದ ಇಲ್ಲದವರಿಗೆ ಎಂಬ ತತ್ವದ ಮೇಲೆ. ಬಿಹಾರಕ್ಕೆ ಹೋಗುವ ಹಣವನ್ನು ಆಕ್ಷೇಪಿಸುವವರು ರಾಯಚೂರಿಗೆ ಹೋಗುವುದನ್ನು ಹೇಗೆ ಸಮರ್ಥಿಸುತ್ತಾರೆ?

ಸೀಟಿನ ಜಗಳವೂ ಮನೆಯೊಳಗೇ ಒಮ್ಮೆ ನಡೆದುಹೋಗಿದೆ. 2008ರಲ್ಲಿ ಜಾರಿಯಾದ ಮರುವಿಂಗಡಣೆಯಲ್ಲಿ ಬೆಂಗಳೂರಿನ ವಿಧಾನಸಭಾ ಕ್ಷೇತ್ರಗಳು 16ರಿಂದ 28ಕ್ಕೆ ಏರಿದವು. ಕೊಡಗಿನ ಮೂರು ಎರಡಾದವು. ಸೋಮವಾರಪೇಟೆ ಕ್ಷೇತ್ರ ನಕ್ಷೆಯಿಂದ ಮಾಯವಾಯಿತು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ 47ರಷ್ಟು ಬೆಳೆದರೆ, ಚಿಕ್ಕಮಗಳೂರಿನದು ಬೆಳೆಯುವ ಬದಲು ತುಸು ಕುಗ್ಗಿದೆ. ಮುಂದಿನ ಸುತ್ತಿನಲ್ಲಿ ಮಲೆನಾಡು ಮತ್ತಷ್ಟು ಕಳೆದುಕೊಳ್ಳುವುದು ಬಹುತೇಕ ಖಚಿತ. ಉತ್ತರ ಪ್ರದೇಶದ ವಿರುದ್ಧ ಭಾಷಣ ಮಾಡಿದ ಶಾಸಕರು ಚಿಕ್ಕಮಗಳೂರಿನ ಪರವಾಗಿ ಒಂದು ಮಾತಾಡಿದ್ದು ಕೇಳಿಬಂದಿಲ್ಲ.

ಈ ಜಗಳದಲ್ಲಿ ಮುದುಕರ ಸಂಖ್ಯೆಯ ಬಗ್ಗೆ ಚರ್ಚೆ ಕಡಿಮೆ. 2021ರ ಅಂದಾಜಿನಂತೆ ಕೇರಳದಲ್ಲಿ ಅರವತ್ತು ದಾಟಿದವರು ಶೇ 16.5, ಕರ್ನಾಟಕದಲ್ಲಿ ಶೇ 11.5, ಬಿಹಾರದಲ್ಲಿ ಶೇ 7.7. ಪಿಂಚಣಿ, ಆಸ್ಪತ್ರೆ, ಆರೈಕೆಗಳ ಖರ್ಚು ಇನ್ನು ಏರುವುದೇ. ಅದಕ್ಕೆ ನಾಯ್ಡು, ಸ್ಟಾಲಿನ್ ಹೇಳಿದ ಪರಿಹಾರದಿಂದ ಪ್ರಯೋಜನವಿಲ್ಲ. ಇಂದು ಹುಟ್ಟಿದ ಮಗು ತೆರಿಗೆ ಕಟ್ಟುವುದಕ್ಕೆ ಇಪ್ಪತ್ತು ವರ್ಷ ಬೇಕು. ಎಂಟು ರೂಪಾಯಿಗೆ ಒಂದು ರೂಪಾಯಿಯನ್ನು ಮಾಸಿಕ ಕೊಡುಗೆಗೆ ಕಟ್ಟಿಟ್ಟ ಬಜೆಟ್, ಆ ಹೊರೆ ಬಂದಾಗ ಎಲ್ಲಿಂದ ತೆಗೆದುಕೊಡುತ್ತದೆ ಎಂಬುದನ್ನು ಕಾಂಗ್ರೆಸ್ ಹೇಳಬೇಕು. ಅಧಿಕಾರಕ್ಕೆ ಬಂದರೆ ಯಾವ ಗ್ಯಾರಂಟಿಯನ್ನು ನಿಲ್ಲಿಸುತ್ತೇವೆ, ಯಾವುದನ್ನು ಉಳಿಸುತ್ತೇವೆ ಎಂಬುದನ್ನು ಬಿಜೆಪಿ ಹೇಳಬೇಕು.

ಹೊಸ ಜನಗಣತಿಗೆ ನಿಗದಿಯಾಗಿರುವ ಎಣಿಕೆಯ ದಿನ 2027ರ ಮಾರ್ಚ್ 1. ಮಹಿಳಾ ಮೀಸಲಾತಿಯನ್ನೂ 2023ರ ತಿದ್ದುಪಡಿ ಆ ಬಳಿಕದ ಮರುವಿಂಗಡಣೆಗೇ ಗಂಟು ಹಾಕಿದೆ. ಆ ಮಾತುಕತೆಯಲ್ಲಿ ಕರ್ನಾಟಕ ಐವತ್ತಕ್ಕೂ ಹೆಚ್ಚು ವರ್ಷ ಹಳೆಯ ಗಣತಿಗೆ ಜೋತುಬಿದ್ದು ಗಳಿಸುವುದು ಕಡಿಮೆ. ಸೆಸ್‌ಗೆ ಮಿತಿ, ರಾಜ್ಯಸಭೆಯಲ್ಲಿ ರಾಜ್ಯಗಳಿಗೆ ಹೆಚ್ಚು ಸಮನಾದ ಪ್ರಾತಿನಿಧ್ಯ, ಆದಾಯದ ಅಂತರಕ್ಕೆ ಇನ್ನಷ್ಟು ಕಡಿಮೆ ತೂಕ: ಇವುಗಳಲ್ಲಿ ಗಳಿಸುವುದು ಹೆಚ್ಚು. ರಾಜ್ಯದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಓಟು ಕೇಳಲು ಮನೆ ಬಾಗಿಲಿಗೆ ಬಂದ ಅಭ್ಯರ್ಥಿ ಯಾವ ಪಕ್ಷದವರೇ ಆಗಲಿ, ಈ ಮೂರರಲ್ಲಿ ಯಾವುದಕ್ಕಾಗಿ ನಿಮ್ಮ ಹೈಕಮಾಂಡ್ ಎದುರು ನಿಲ್ಲುತ್ತೀರಿ ಎಂದು ಓದುಗರು ಕೇಳಲಿ.